ವರ್ಮಾಂಟ್ ಲಾಂಛನ: ಹಸು ಯಾವ ಕಡೆ, ಹದಿನಾಲ್ಕು ಯಾಕೆ?

ಪ್ರಶ್ನೆ: ಭಿತ್ತಿಚಿತ್ರ

ಅಮೆರಿಕದ ಸಣ್ಣ ರಾಜ್ಯಗಳ ಬಗ್ಗೆ ಮಕ್ಕಳಿಗಾಗಿ ಕನ್ನಡದಲ್ಲಿ ಭಿತ್ತಿಚಿತ್ರಗಳ ಮಾಲಿಕೆ ತಯಾರಾಗುತ್ತಿದೆ. ಮೊದಲನೆಯದು ವರ್ಮಾಂಟ್. ವಿಸ್ತೀರ್ಣ ಸುಮಾರು 24,900 ಚದರ ಕಿ.ಮೀ., 2020ರ ಜನಗಣತಿಯಲ್ಲಿ 6,43,077 ಜನ, ಹಳ್ಳಿಗಾಡಿನಲ್ಲಿ ಇರುವವರ ಪಾಲು ಉಳಿದೆಲ್ಲ ರಾಜ್ಯಗಳಿಗಿಂತ ಇಲ್ಲೇ ಹೆಚ್ಚು. ಇಷ್ಟರಲ್ಲಿ ಗೊಂದಲವಿಲ್ಲ. ಸಿಕ್ಕು ಇರುವುದು ಲಾಂಛನದಲ್ಲಿ.

ಸಿಕ್ಕಿದ ಚಿತ್ರಗಳಲ್ಲಿ ಒಂದು ಇನ್ನೊಂದರಂತಿಲ್ಲ. ಕೆಲವದರಲ್ಲಿ ಹಸು ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಆಕಾಶ ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಹಳದಿ. ಬಾವುಟ ಅಂತ ಹುಡುಕಿದರೆ ನೀಲಿ ಬಾವುಟವೂ ಬರುತ್ತದೆ, ಕೆಂಪು-ಬಿಳಿ ಪಟ್ಟಿಯದ್ದೂ ಬರುತ್ತದೆ, ಪೂರ್ತಿ ಹಸಿರಿನದ್ದೂ ಬರುತ್ತದೆ. ಯಾವುದು ಸರಿ?

ಮುದ್ರೆಯಲ್ಲಿರುವ ಪೈನ್ ಮರಕ್ಕೆ 14 ಕೊಂಬೆ ಎನ್ನುತ್ತಾರೆ. ರಾಜ್ಯದಲ್ಲಿ 14 ಕೌಂಟಿಗಳಿವೆ (ನಮ್ಮ ಜಿಲ್ಲೆಗಳಂತೆ), ಅದಕ್ಕೇನಾ? ರಾಜ್ಯದ ಮರ ಮೇಪಲ್ ಆಗಿದ್ದರೆ ಲಾಂಛನದಲ್ಲಿ ಪೈನ್ ಯಾಕೆ? ಮತ್ತೆ, ವರ್ಮಾಂಟ್ ಮೊದಲು ಬೇರೆಯೇ ದೇಶವಾಗಿತ್ತು ಎಂಬುದನ್ನು ಬರೆಯಬಹುದಾ? ಕೆಳಗಡೆ ಉಳಿದ ಚಿಹ್ನೆಗಳಿಗೆ ಒಂದು ಚೌಕ ಬಿಟ್ಟಿದೆ. ಅದರಲ್ಲಿ ಏನು ಹಾಕಿದರೆ ಸಾರ್ಥಕ ಎಂದು ತಿಳಿದವರು ಹೇಳಿ.

ಉತ್ತರ 1: ಬಾವುಟಪ್ರಿಯ

ಮೊದಲು ಹಸುವಿನ ವಿಷಯ. ನೋಡುವವರ ಬಲಕ್ಕೆ ಹಸು, ಎಡಕ್ಕೆ ಧಾನ್ಯದ ಸಿವುಡು. ತಪ್ಪಾಗುವುದು ಎಲ್ಲಿ ಅಂದರೆ, ರಾಜ್ಯದ ಕಾನೂನಿನಲ್ಲಿ ಲಾಂಛನವನ್ನು ವರ್ಣಿಸಿರುವುದು ಗುರಾಣಿ ಚಿತ್ರಗಳ ಹಳೆಯ ಪರಿಭಾಷೆಯಲ್ಲಿ. ಅಲ್ಲಿ 'ಬಲ' ಎಂದರೆ ಗುರಾಣಿಯನ್ನು ಎದೆಗೆ ಹಿಡಿದು ನಿಂತವನ ಬಲಗೈ ಕಡೆ. ಎದುರು ನಿಂತ ನಮಗೆ ಅದು ಎಡ. ಇದು ಗೊತ್ತಿಲ್ಲದವರು ವರ್ಣನೆ ಓದಿ ಚಿತ್ರ ಬರೆದರೆ ಇಡೀ ಲಾಂಛನ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ಒಂದೇ ಪದರದ ಬಟ್ಟೆಯ ಮೇಲೆ ಅಚ್ಚು ಹಾಕಿದ ಬಾವುಟವನ್ನು ಹಿಂದಿನಿಂದ ಫೋಟೋ ತೆಗೆದಾಗಲೂ ಹಾಗೇ ಆಗುತ್ತದೆ. ಕೆಳಗಿನ ಅಕ್ಷರ ತಿರುಗಿದೆಯಾ ನೋಡಿದರೆ ಇದು ಬೇಗ ಗೊತ್ತಾಗುತ್ತದೆ.

ಈಗ ಕಾನೂನಿನಲ್ಲಿ ಇರುವಂತೆ ಗುರಾಣಿಯನ್ನು ಬರೆಯುವ ಕ್ರಮ. ಕೆಳಗಿನ ಅರ್ಧ ಹಸಿರು ನೆಲ. ಅದರ ಹಿಂದೆ ಎಡಕ್ಕೂ ಬಲಕ್ಕೂ ಎತ್ತರದ ಬೆಟ್ಟಗಳು, ಬಣ್ಣ ನೀಲಿ. ಆಕಾಶ ಹಳದಿ. ಹಳದಿಯನ್ನು ಅಚ್ಚಿನ ತಪ್ಪು ಅಂದುಕೊಂಡು ನೀಲಿ ಮಾಡುವವರು ಬಹಳ ಜನ. ಬೆಟ್ಟವೇ ನೀಲಿ ಆಗಿರುವುದರಿಂದ ಆಕಾಶವೂ ನೀಲಿಯಾದರೆ ಬೆಟ್ಟ ಕಾಣುವುದೇ ಇಲ್ಲ, ಆ ಚಿತ್ರಗಳು ಸಪ್ಪೆಯಾಗಿ ಕಾಣಲು ಅದೇ ಕಾರಣ. ನಡುವೆ ಪೈನ್ ಮರ, ಸಹಜ ಬಣ್ಣದಲ್ಲಿ. ಅದು ಬುಡದ ಹತ್ತಿರದಿಂದ ಎದ್ದು ಹೆಚ್ಚುಕಡಿಮೆ ಗುರಾಣಿಯ ತುದಿ ಮುಟ್ಟಬೇಕು. ಗಿಡ್ಡ ಮರ ಬರೆದು ಮೇಲೆ ಅರ್ಧ ಖಾಲಿ ಬಿಟ್ಟರೆ ತಪ್ಪು. ನಮ್ಮ ಎಡಕ್ಕೆ ಮೂರು ಹಳದಿ ಸಿವುಡು, ನೆಟ್ಟಗೆ ನಿಂತವು, ಆದರೆ ಸಾಲಾಗಿ ಅಲ್ಲ, ಓರೆಯಾಗಿ ಒಂದರ ಹಿಂದೆ ಒಂದು. ಬಲಕ್ಕೆ ನಿಂತ ಹಸು, ಕೆಂಪು. ಕಪ್ಪು-ಬಿಳಿ ಮಚ್ಚೆಯ ಹಾಲ್‌ಸ್ಟೀನ್ ಹಸು ಹಾಕಬೇಡಿ. ಇಂದಿನ ಡೈರಿಗಳಲ್ಲಿ ಕಾಣುವುದು ಅದೇ ಆದರೂ ಲಾಂಛನದ್ದು ಕೆಂಪು ಹಸು.

ಗುರಾಣಿಯ ನೆತ್ತಿಯ ಮೇಲೆ ಗಂಡು ಜಿಂಕೆಯ ತಲೆ, ನೀಲಿ ಮತ್ತು ಹಳದಿಯ ಸುರುಳಿಯ ಮೇಲೆ ಕೂತಂತೆ. ಗುರಾಣಿಗೂ ಕೆಳಗಿನ ಪಟ್ಟಿಗೂ ನಡುವೆ ಅಡ್ಡಡ್ಡ ಹಾಯ್ದ ಎರಡು ಪೈನ್ ರೆಂಬೆ. ಇದನ್ನು ಅಂದಕ್ಕೆ ಸುತ್ತಿದ ಬಳ್ಳಿ ಎಂದುಕೊಳ್ಳಬೇಡಿ, ಕಾನೂನು ಇದನ್ನು ವರ್ಮಾಂಟಿನವರ ಬಿಲ್ಲೆ ಎಂದೇ ಕರೆಯುತ್ತದೆ. 1814ರ ಪ್ಲ್ಯಾಟ್ಸ್‌ಬರ್ಗ್ ಕಾಳಗದಲ್ಲಿ ವರ್ಮಾಂಟಿನ ಸ್ವಯಂಸೇವಕರು ಟೋಪಿಗೆ ಇಂಥ ರೆಂಬೆ ಸಿಕ್ಕಿಸಿಕೊಂಡಿದ್ದರು ಎಂಬ ಮಾತು ಪರಂಪರೆಯಲ್ಲಿ ಉಳಿದಿದೆ. ಕೆಳಗಿನ ಪಟ್ಟಿಯ ಮೇಲೆ ರಾಜ್ಯದ ಹೆಸರು ಮತ್ತು ಧ್ಯೇಯವಾಕ್ಯ: 'ಸ್ವಾತಂತ್ರ್ಯ ಮತ್ತು ಒಗ್ಗಟ್ಟು'. ಏಕತೆ ಎಂದೂ ಅನುವಾದಿಸುತ್ತಾರೆ, ಆದರೆ ಏಕತೆ ಅಂದಾಗ ಎಲ್ಲರೂ ಒಂದೇ ಎಂಬ ಅರ್ಥ ಮುಂದೆ ಬರುತ್ತದೆ. ಇಲ್ಲಿ ಹೇಳಿರುವುದು ಅವರವರ ಸ್ವಾತಂತ್ರ್ಯ ಉಳಿಸಿಕೊಂಡು ಊರು ಒಟ್ಟಾಗಿರುವುದನ್ನು. ಅದಕ್ಕೆ ಒಗ್ಗಟ್ಟು ಹತ್ತಿರದ ಮಾತು.

ಬೆಟ್ಟಗಳನ್ನು ಕ್ಯಾಮಲ್ಸ್ ಹಂಪ್ ಮತ್ತು ಮೌಂಟ್ ಮ್ಯಾನ್ಸ್‌ಫೀಲ್ಡ್ ಎಂದು ಗುರುತಿಸುವ ರೂಢಿ ಇದೆ. ಮ್ಯಾನ್ಸ್‌ಫೀಲ್ಡ್ ರಾಜ್ಯದ ಅತಿ ಎತ್ತರದ ಶಿಖರ, 1,339 ಮೀಟರ್. ಕಾನೂನು ಮಾತ್ರ ಬೆಟ್ಟದ ಹೆಸರು ಹೇಳುವುದಿಲ್ಲ. ಚಿತ್ರದ ಕೆಳಗೆ ಬರೆಯುವುದಾದರೆ 'ರೂಢಿಯಂತೆ' ಎಂಬ ಮಾತು ಸೇರಿಸಿ.

ಬಾವುಟ ಬಹಳ ಸರಳ: ನೀಲಿ ಬಟ್ಟೆ, ನಡುವೆ ಈ ಲಾಂಛನ, ಮತ್ತೇನಿಲ್ಲ. 1923ರ ಜೂನ್ 1ರಿಂದ ಇದೇ ಜಾರಿಯಲ್ಲಿದೆ. ಪಟ್ಟಿಯ ಬಾವುಟಗಳು ಸುಳ್ಳಲ್ಲ, ಹಳೆಯವು. 1803ರ ಕಾಯ್ದೆಯದ್ದಕ್ಕೆ 17 ಪಟ್ಟಿ, 17 ನಕ್ಷತ್ರ, ಮೇಲೆ ದೊಡ್ಡಕ್ಷರದಲ್ಲಿ ವರ್ಮಾಂಟ್ ಎಂಬ ಹೆಸರು. ಆಗ ಓಹಾಯೋ 17ನೆಯ ರಾಜ್ಯವಾಗಿ ಸೇರಿತ್ತು. ವರ್ಮಾಂಟ್ ಮತ್ತು ಕೆಂಟಕಿ ಸೇರಿದಾಗ ರಾಷ್ಟ್ರಧ್ವಜಕ್ಕೆ ನಕ್ಷತ್ರದ ಜೊತೆ ಪಟ್ಟಿಯೂ ಸೇರಿ 15-15 ಆಗಿತ್ತಲ್ಲ, ಮುಂದೆಯೂ ಹಾಗೇ ಬೆಳೆಯುತ್ತದೆ ಎಂಬ ಲೆಕ್ಕದಲ್ಲಿ ವರ್ಮಾಂಟ್ 17 ಹಾಕಿಕೊಂಡಿತು. ಆದರೆ 1818ರಲ್ಲಿ ಕಾಂಗ್ರೆಸ್ ಪಟ್ಟಿಗಳನ್ನು ಮತ್ತೆ 13ಕ್ಕೆ ಇಳಿಸಿತು, ಲೆಕ್ಕ ತಪ್ಪಿತು. 1837ರಲ್ಲಿ 13 ಪಟ್ಟಿ, ನೀಲಿ ಚೌಕದಲ್ಲಿ ಒಂದೇ ಒಂದು ದೊಡ್ಡ ಬಿಳಿ ನಕ್ಷತ್ರ, ಅದರೊಳಗೆ ಲಾಂಛನ ಎಂದಾಯಿತು. ದೂರದಿಂದ ನೋಡಿದರೆ ಅದು ರಾಷ್ಟ್ರಧ್ವಜವೇ ಅನ್ನಿಸುತ್ತಿತ್ತು. ಕೊನೆಗೆ ನೀಲಿಗೆ ಬಂದದ್ದು ಅದಕ್ಕೇ.

ಹಸಿರಿನದ್ದು ರಾಜ್ಯದ ಬಾವುಟವಲ್ಲ. ಅದು ಗ್ರೀನ್ ಮೌಂಟನ್ ಬಾಯ್ಸ್ ಎಂಬ ಪಡೆಯ ಹೆಸರಿನದು: ಹಸಿರು ನೆಲ, ಮೂಲೆಯ ನೀಲಿ ಚೌಕದಲ್ಲಿ 13 ಬಿಳಿ ನಕ್ಷತ್ರ, ಸಾಲು ತಪ್ಪಿ ಚೆದುರಿದಂತೆ. ವರ್ಮಾಂಟ್ ನ್ಯಾಷನಲ್ ಗಾರ್ಡ್ ಇಂದಿಗೂ ಅದನ್ನು ಬಳಸುತ್ತದೆ. ಹಾಕುವುದಾದರೆ ಇತಿಹಾಸದ ಭಾಗದಲ್ಲಿ ಹಾಕಿ.

ಒಂದು ಪ್ರಾಯೋಗಿಕ ಮಾತು. ಭಿತ್ತಿಚಿತ್ರದಲ್ಲಿ ಬಾವುಟ ಅಂಗೈ ಅಗಲ ಇದ್ದರೆ ಲಾಂಛನ ಅದರ ನಡುವೆ ಹೆಬ್ಬೆರಳಿನಷ್ಟಾಗುತ್ತದೆ, ಸಿವುಡು ಮತ್ತು ಹಸು ಎರಡೂ ಬಣ್ಣದ ಚುಕ್ಕೆಗಳಾಗುತ್ತವೆ. ಬಾವುಟ ಚಿಕ್ಕದಾಗೇ ಇರಲಿ, ಪಕ್ಕದಲ್ಲಿ ಲಾಂಛನವನ್ನೊಂದೇ ದೊಡ್ಡದಾಗಿ ಕೊಟ್ಟುಬಿಡಿ.

ಉತ್ತರ 2: ಹಳೇನಾಣ್ಯ

ಬಾವುಟದ ಮೇಲಿರುವುದು ಮುದ್ರೆಯಲ್ಲ ಎಂಬುದನ್ನೂ ಬರೆದುಕೊಳ್ಳಿ. ಮುದ್ರೆ ಬೇರೆ, ಲಾಂಛನ ಬೇರೆ. ಮುದ್ರೆಗೆ ಬಣ್ಣವೇ ಇಲ್ಲ, ಅದು ಕಾಗದದ ಮೇಲೆ ಒತ್ತುವ ವಸ್ತು. ಐರಾ ಆ್ಯಲನ್ ವಿನ್ಯಾಸ ಮಾಡಿ, ವಿಂಡ್ಸರ್ ಊರಿನ ರೂಬನ್ ಡೀನ್ ಕೆತ್ತಿದ್ದು. 1779ರ ಫೆಬ್ರವರಿ 20ರಂದು ಶಾಸನಸಭೆ ಒಪ್ಪಿತು. 1821ರಲ್ಲಿ ಬೇರೆ ವಿನ್ಯಾಸ ಬಂತು, 1937ರಲ್ಲಿ ಮತ್ತೆ ಆ್ಯಲನ್‌ರ ವಿನ್ಯಾಸಕ್ಕೇ ಮರಳಿದರು, ಹಳೆಯದಕ್ಕಿಂತ ದೊಡ್ಡದಾಗಿ, ಆಳವಾಗಿ ಕೊರೆದು.

14ಕ್ಕೂ ಕೌಂಟಿಗಳಿಗೂ ಸಂಬಂಧವಿಲ್ಲ. 1779ರಲ್ಲಿ 14 ಕೌಂಟಿಗಳೇ ಇರಲಿಲ್ಲ, ಕೊನೆಯದಾದ ಲಮಾಯಿಲ್ ರಚನೆಯಾದದ್ದು 1835ರಲ್ಲಿ. ಕೊಂಬೆಗಳು ಹೇಳುವುದು ಅಮೆರಿಕದ ಒಕ್ಕೂಟದ ಮೊದಲ ಹದಿಮೂರು ರಾಜ್ಯಗಳು ಮತ್ತು ತಾನು. ಗಮನಿಸಿ, ಆ ಹೊತ್ತಿಗೆ ವರ್ಮಾಂಟನ್ನು ಒಕ್ಕೂಟ ಸೇರಿಸಿಕೊಂಡೇ ಇರಲಿಲ್ಲ. ಸೇರಲು ಇನ್ನೂ ಹನ್ನೆರಡು ವರ್ಷ ಬಾಕಿ ಇತ್ತು. ಹಾಗಾಗಿ ಆ ಹದಿನಾಲ್ಕನೆಯ ಕೊಂಬೆ ಒಂದು ಅರ್ಜಿ ಇದ್ದಂತೆ. ಈ ರಾಜ್ಯದ ಚಿಹ್ನೆಗಳ ಕೀಲಿಕೈ ಇದೇ ಎಂಬುದು ನನ್ನ ಅಭಿಪ್ರಾಯ. ಭಿತ್ತಿಚಿತ್ರದಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ.

ಹಿನ್ನೆಲೆ ಹೀಗೆ. 1749ರಿಂದ 1764ರವರೆಗೆ ನ್ಯೂ ಹ್ಯಾಂಪ್‌ಶೈರ್‌ನ ಗವರ್ನರ್ ಬೆನಿಂಗ್ ವೆಂಟ್‌ವರ್ತ್ ಕನೆಕ್ಟಿಕಟ್ ನದಿಯ ಪಶ್ಚಿಮದ ನೆಲವನ್ನು ಊರು ಊರಾಗಿ ಹಂಚಿದ, ಮೊದಲನೆಯದು ಬೆನಿಂಗ್ಟನ್. ಅದೇ ನೆಲ ತನ್ನದೆಂದು ನ್ಯೂಯಾರ್ಕ್ ಹೇಳಿತು. 1764ರಲ್ಲಿ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್ ನದಿಯ ಪಶ್ಚಿಮ ದಡವೇ ಗಡಿ ಎಂದು ತೀರ್ಪಿತ್ತಾಗ ನೆಲವೆಲ್ಲ ನ್ಯೂಯಾರ್ಕ್ ಪಾಲಾಯಿತು. ಕಾಸು ಕೊಟ್ಟು ಪತ್ರ ಪಡೆದು ಗೇಯುತ್ತಿದ್ದವರ ಪತ್ರಗಳಿಗೆ ಬೆಲೆ ಇಲ್ಲದಂತಾಯಿತು. ಅವರ ಪರವಾಗಿ 1770ರಲ್ಲಿ ಈಥನ್ ಆ್ಯಲನ್ ನೇತೃತ್ವದಲ್ಲಿ ಎದ್ದದ್ದೇ ಗ್ರೀನ್ ಮೌಂಟನ್ ಬಾಯ್ಸ್. ನ್ಯೂಯಾರ್ಕ್ ಪರ ನಿಂತವರಿಗೆ ಬೀಚ್ ಮರದ ಬರಲಿನಿಂದ ಬಾರಿಸುತ್ತಿದ್ದರು, ಬೆನ್ನಿನ ಮೇಲೆ ಮೂಡಿದ ಬಾಸುಂಡೆಯನ್ನು 'ಬೀಚ್ ಮುದ್ರೆ' ಎನ್ನುತ್ತಿದ್ದರು. ಅಧಿಕೃತ ಮುದ್ರೆಗಿಂತ ಮೊದಲು ಅಲ್ಲಿ ಚಾಲ್ತಿಯಲ್ಲಿದ್ದ ಮುದ್ರೆ ಅದು.

1777ರ ಜನವರಿ 15ರಂದು ವೆಸ್ಟ್‌ಮಿನ್ಸ್ಟರ್‌ನಲ್ಲಿ ಸ್ವಾತಂತ್ರ್ಯ ಘೋಷಣೆ. ಮೊದಲ ಹೆಸರು ನ್ಯೂ ಕನೆಕ್ಟಿಕಟ್. ಪೆನ್ಸಿಲ್ವೇನಿಯದ ಒಂದು ಭಾಗಕ್ಕೆ ಆಗಲೇ ಆ ಹೆಸರಿದೆ ಎಂದು ತಿಳಿದು ಜೂನ್‌ನಲ್ಲಿ ವರ್ಮಾಂಟ್ ಎಂದು ಬದಲಿಸಿದರು. ಫ್ರೆಂಚ್‌ನ ಹಸಿರು ಮತ್ತು ಬೆಟ್ಟ ಎಂಬ ಮಾತುಗಳಿಂದ ಕಟ್ಟಿದ ಹೆಸರು. ಸೂಚಿಸಿದವರು ಫಿಲಡೆಲ್ಫಿಯದ ಥಾಮಸ್ ಯಂಗ್. ಜುಲೈನಲ್ಲಿ ವಿಂಡ್ಸರ್‌ನಲ್ಲಿ ಸಂವಿಧಾನ ಬಂತು.

ಆ ಸಂವಿಧಾನದ ಬಗ್ಗೆ 'ಗುಲಾಮಗಿರಿಯನ್ನು ಪೂರ್ತಿ ನಿಷೇಧಿಸಿತು' ಎಂದು ಎಲ್ಲೆಡೆ ಬರೆದಿರುತ್ತಾರೆ. ಮಾತು ಅಳತೆಯಲ್ಲಿರಲಿ. ಗಂಡಸರಾದರೆ 21 ವರ್ಷ, ಹೆಂಗಸರಾದರೆ 18 ವರ್ಷ ತುಂಬಿದ ಮೇಲೆ ಯಾರನ್ನೂ ಗುಲಾಮರಾಗಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ನಿಜ. ಆದರೆ ಮಕ್ಕಳಿಗೆ ರಕ್ಷಣೆ ಇರಲಿಲ್ಲ. ಆ ವಯಸ್ಸಿನ ಮಾತನ್ನು ಪೂರ್ತಿ ತೆಗೆದುಹಾಕಿದ್ದು 2022ರ ನವೆಂಬರ್‌ನಲ್ಲಿ, ಮತದಾರರ ಒಪ್ಪಿಗೆಯಿಂದ.

ಬೇರೆ ದೇಶವಾಗಿತ್ತೇ ಎಂಬ ಪ್ರಶ್ನೆಗೆ: ತನ್ನದೇ ಗವರ್ನರ್ ಇದ್ದರು, ಥಾಮಸ್ ಚಿಟ್ಟೆಂಡನ್. ತನ್ನದೇ ಅಂಚೆ, ತನ್ನದೇ ತಾಮ್ರದ ನಾಣ್ಯ ಇತ್ತು. ಆದರೆ ಜಗತ್ತಿನ ಯಾವ ದೇಶವೂ ಮಾನ್ಯತೆ ಕೊಡಲಿಲ್ಲ, ತಾನೂ ತನ್ನನ್ನು ರಾಜ್ಯ ಎಂದೇ ಕರೆದುಕೊಂಡಿತು. 'ವರ್ಮಾಂಟ್ ಗಣರಾಜ್ಯ' ಎಂಬ ಹೆಸರು ಜನಪ್ರಿಯವಾದದ್ದು ಆಮೇಲಿನವರಿಂದ. 'ಯಾರಿಗೂ ಸೇರದೆ ತನ್ನನ್ನು ತಾನೇ ಆಳಿಕೊಂಡ 14 ವರ್ಷ' ಎಂದು ಬರೆದರೆ ಯಾರೂ ಆಕ್ಷೇಪಿಸಲಾರರು.

ನಾಣ್ಯದ ಚಿತ್ರವೊಂದನ್ನು ಹಾಕಿ ಎಂದು ಒತ್ತಿ ಹೇಳುತ್ತೇನೆ. 1785ರ ಜೂನ್‌ನಲ್ಲಿ ರೂಪರ್ಟ್ ಎಂಬ ಊರಿನ ರೂಬನ್ ಹಾರ್ಮನ್‌ಗೆ ಟಂಕಿಸುವ ಹಕ್ಕು ಸಿಕ್ಕಿತು. ಮೊದಲು ಗೊತ್ತುಮಾಡಿದ ತೂಕ 160 ಗ್ರೇನ್, ಅಂದರೆ ಸುಮಾರು 10.4 ಗ್ರಾಂ. ಆಮೇಲೆ ಅದನ್ನು 111 ಗ್ರೇನ್‌ಗೆ, ಸುಮಾರು 7.2 ಗ್ರಾಂಗೆ ಇಳಿಸಿದರು. 1785 ಮತ್ತು 1786ರ ನಾಣ್ಯದ ಒಂದು ಮುಖದಲ್ಲಿ ಬೆಟ್ಟಸಾಲು, ಅದರ ಮೇಲೆ ಏಳುವ ಸೂರ್ಯ, ಕೆಳಗೆ ನೇಗಿಲು. ಇನ್ನೊಂದು ಮುಖದಲ್ಲಿ ಕಿರಣ ಚೆಲ್ಲುವ ಕಣ್ಣು, ಕಿರಣಗಳ ನಡುವೆ 13 ನಕ್ಷತ್ರ, ಸುತ್ತಲೂ ಲ್ಯಾಟಿನ್‌ನಲ್ಲಿ 'ಸ್ಟೆಲ್ಲಾ ಕ್ವಾರ್ಟಾ ಡೆಸಿಮಾ', ಅಂದರೆ ಹದಿನಾಲ್ಕನೆಯ ನಕ್ಷತ್ರ. ಚಿತ್ರದಲ್ಲಿ ಎಣಿಸಿದರೆ ಹದಿಮೂರೇ ಸಿಗುತ್ತವೆ, ಹದಿನಾಲ್ಕನೆಯದು ಅಕ್ಷರದಲ್ಲಿ ಮಾತ್ರ ಇದೆ. ಮುದ್ರೆಯ ಕೊಂಬೆಯ ಮಾತನ್ನೇ ಇದೂ ಹೇಳುತ್ತದೆ. ಆಮೇಲಿನ ನಾಣ್ಯಗಳಲ್ಲಿ ತಲೆಯ ಚಿತ್ರ ಬಂದು ಬ್ರಿಟಿಷ್ ಅರ್ಧಪೆನ್ನಿಯ ಹೋಲಿಕೆ ಬಂದಿತು. ನಿಮಗೆ ಬೇಕಾದದ್ದು ಬೆಟ್ಟದ ಚಿತ್ರದ್ದು, ವರ್ಷ ನೋಡಿ ಆರಿಸಿ. 2015ರಲ್ಲಿ ಒಬ್ಬ ಶಾಲಾ ವಿದ್ಯಾರ್ಥಿನಿಯ ಸಲಹೆಯ ಮೇಲೆ ರಾಜ್ಯ ಇದೇ ಮಾತನ್ನು ಹಿಗ್ಗಿಸಿ 'ಹದಿನಾಲ್ಕನೆಯ ನಕ್ಷತ್ರ ಬೆಳಗಲಿ' ಎಂಬ ಲ್ಯಾಟಿನ್ ಧ್ಯೇಯವಾಕ್ಯವನ್ನೂ ಸ್ವೀಕರಿಸಿತು. ಹಳೆಯದು ಹೋಗಲಿಲ್ಲ, ಇದು ಅದರ ಜೊತೆಗೆ.

ಕೊನೆಗೆ 1790ರಲ್ಲಿ ನ್ಯೂಯಾರ್ಕ್‌ಗೆ 30,000 ಡಾಲರ್ ಕೊಟ್ಟು ನೆಲದ ತಗಾದೆ ಮುಗಿಸಿದರು. 1791ರ ಮಾರ್ಚ್ 4ರಂದು ವರ್ಮಾಂಟ್ ಹದಿನಾಲ್ಕನೆಯ ರಾಜ್ಯವಾಯಿತು.

ಇನ್ನೊಂದು ಎಚ್ಚರಿಕೆ. 1777ರ ಆಗಸ್ಟ್ 16ರ ಬೆನಿಂಗ್ಟನ್ ಕಾಳಗ ನಡೆದದ್ದು ಬೆನಿಂಗ್ಟನ್‌ನಲ್ಲಲ್ಲ, ಗಡಿಯಾಚೆ ನ್ಯೂಯಾರ್ಕ್ ಕಡೆಯ ವಲೂಮ್ಸಾಕ್‌ನಲ್ಲಿ. ಬೆನಿಂಗ್ಟನ್‌ನಲ್ಲಿ ಇದ್ದದ್ದು ದಾಸ್ತಾನು, ಬ್ರಿಟಿಷ್ ಪಡೆ ಹೊರಟದ್ದು ಅದನ್ನು ಹಿಡಿಯಲು. 306 ಅಡಿಯ ಸ್ಮಾರಕ ಗೋಪುರ ನಿಂತಿರುವುದು ಆ ದಾಸ್ತಾನಿನ ಜಾಗದಲ್ಲಿ. ನಕ್ಷೆಯಲ್ಲಿ ಕತ್ತಿಯ ಗುರುತನ್ನು ಗೋಪುರದ ಮೇಲೆ ಇಡಬೇಡಿ.

ಭಿತ್ತಿಚಿತ್ರ

ತುಂಬಾ ಉಪಕಾರವಾಯಿತು. ಹಸುವನ್ನು ತಿರುಗಿಸಿದ್ದಾಯಿತು, ಆಕಾಶ ಹಳದಿ ಆಯಿತು. ಚೌಕಕ್ಕೆ ಮೇಪಲ್ ಮರ ಬರೆಯುತ್ತಿದೆ: ಕೆಂಪು ಎಲೆ ತುಂಬಿದ ಮರ, ಅದರ ಸಿಹಿ ರಸ ಹಿಡಿಯಲು ಕಾಂಡಕ್ಕೆ ತೂಗುಹಾಕಿದ ಬಕೆಟ್. ಇದರ ಕೆಳಗೆ ಆ ರಸದಿಂದ ಪಾಕ ಮಾಡುವ ವಿಧಾನ ನಾಲ್ಕು ಸಾಲಿನಲ್ಲಿ ಬೇಕು.

ಉತ್ತರ 3: ರಸಪಾಕ

ಮೇಡಂ, ಆ ಚಿತ್ರ ಹಾಗೇ ಅಚ್ಚಿಗೆ ಕಳಿಸ್ಬೇಡಿ! ಕೆಂಪು ಎಲೆ ಇರೋದು ಶರತ್ಕಾಲದಲ್ಲಿ, ರಸ ಇಳಿಸೋದು ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ಆಗ ಮರದ ಮೇಲೆ ಒಂದೆಲೆ ಇರಲ್ಲ, ಬುಡದಲ್ಲಿ ಹಿಮ ಇರುತ್ತೆ. ಬೋಳು ಮರ, ಬಿಳಿ ನೆಲ, ಬಕೆಟ್, ಹಿಂದುಗಡೆ ಒಂದು ಮರದ ಷೆಡ್, ಅದರ ಸೂರಿನ ನೆತ್ತಿಯ ಕಿಂಡಿಯಿಂದ ಹಬೆ ಎದ್ದು ಹೋಗ್ತಿರೋದು. ಇದನ್ನ ಬರೀರಿ. ಆ ಷೆಡ್ಡಿಗೆ ಅಲ್ಲಿ ಷುಗರ್‌ಹೌಸ್ ಅಂತಾರೆ.

ರಸ ಹರಿಯೋಕೆ ರಾತ್ರಿ ನೀರು ಹೆಪ್ಪುಗಟ್ಟೋಷ್ಟು ಚಳಿ, ಹಗಲು ಅದು ಕರಗೋಷ್ಟು ಬಿಸಿ ಎರಡೂ ಬೇಕು. ಮೇಪಲ್ ಮರದ ನಾರುಗಳ ಒಳಗೆ ಗಾಳಿ ಇರುತ್ತೆ. ರಾತ್ರಿ ತಣ್ಣಗಾದಾಗ ಆ ಗಾಳಿ ಕುಗ್ಗಿ ಬೇರಿನಿಂದ ನೀರನ್ನ ಮೇಲಕ್ಕೆ ಎಳೆದುಕೊಳ್ಳುತ್ತೆ, ಹಗಲು ಕರಗಿದಾಗ ಒತ್ತಡ ಹುಟ್ಟಿ ತೂತಿನಿಂದ ಹೊರಗೆ ದೂಡುತ್ತೆ. ಬರೀ ಚಳಿ ಇದ್ರೂ ಹರಿಯಲ್ಲ, ಬರೀ ಬಿಸಿಲಿದ್ರೂ ಹರಿಯಲ್ಲ. ಮಾರ್ಚಿನ ಮೊದಲ ಮಂಗಳವಾರ ಅಲ್ಲಿ ಊರಿಗೆ ಊರೇ ಕೂತು ಬಜೆಟ್ ತೀರ್ಮಾನಿಸೋ ಟೌನ್ ಮೀಟಿಂಗ್ ದಿನ. ಆ ಹೊತ್ತಿಗೆ ಮರಕ್ಕೆ ತೂತು ಹಾಕಿ ಮುಗಿದಿರಬೇಕು ಅನ್ನೋದು ಹಳೇ ಲೆಕ್ಕ.

ಅಳತೆಗಳು: ಎದೆಮಟ್ಟದಲ್ಲಿ ಮರದ ಅಡ್ಡಗಲ ಕನಿಷ್ಠ 25ರಿಂದ 30 ಸೆಂ.ಮೀ. ಇರಬೇಕು, ಅದಕ್ಕೆ ಒಂದೇ ತೂತು. ತೂತು 8 ಮಿ.ಮೀ. ಅಗಲ, ಸುಮಾರು 4 ಸೆಂ.ಮೀ. ಆಳ, ಒಳಗಿಂದ ಹೊರಕ್ಕೆ ತುಸು ಇಳಿಜಾರು. ಬೈರಿಗೆಯಿಂದ ಬರೋ ಪುಡಿ ತಿಳಿ ಬಣ್ಣದ್ದಾಗಿರಬೇಕು. ಕಂದು ಪುಡಿ ಬಂದ್ರೆ ಅದು ಹಳೇ ಗಾಯದ ಸತ್ತ ಮರ, ಅಲ್ಲಿ ರಸ ಬರಲ್ಲ. ಮರ ತನ್ನ ಗಾಯವನ್ನ ಮೇಲೆ ಕೆಳಗೆ ಉದ್ದಕ್ಕೂ ಮುಚ್ಚಿಬಿಡುತ್ತೆ, ಅದಕ್ಕೇ ಪ್ರತಿ ವರ್ಷ ಹೊಸ ತೂತನ್ನ ಹಳೇದರ ನೇರಕ್ಕೆ ಹಾಕದೆ ಪಕ್ಕಕ್ಕೆ ಸರಿಸಿ ಹಾಕ್ತಾರೆ. ನಳಿಗೆಯನ್ನ ಮೆಲ್ಲಗೆ ತಟ್ಟಿ ಕೂರಿಸ್ತಾರೆ, ಜೋರಾಗಿ ಬಡಿದ್ರೆ ಮರ ಸೀಳಿ ರಸ ಪಕ್ಕದಿಂದ ಸೋರಿ ಹೋಗುತ್ತೆ. ಈಗ ದೊಡ್ಡ ತೋಟಗಳಲ್ಲಿ ಬಕೆಟ್ ಇಲ್ಲ, ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದಿರ್ತಾರೆ. ಚಿತ್ರಕ್ಕೆ ಬಕೆಟ್ಟೇ ಚೆಂದ, ಅಡ್ಡಿಯಿಲ್ಲ.

ರಸ ನೀರಿನಷ್ಟೇ ತಿಳಿ, ಸಕ್ಕರೆ ಅಂಶ ಸುಮಾರು ಶೇ. 2. ಒಂದು ಲೀಟರ್ ಪಾಕಕ್ಕೆ ಎಷ್ಟು ರಸ ಬೇಕು ಅನ್ನೋಕೆ 86ನ್ನ ಸಕ್ಕರೆಯ ಶೇಕಡಾದಿಂದ ಭಾಗಿಸ್ತಾರೆ. ಶೇ. 2 ಇದ್ರೆ 43 ಲೀಟರ್. ಎಲ್ಲರೂ ಬಾಯಿಮಾತಲ್ಲಿ ಹೇಳೋ 'ನಲವತ್ತಕ್ಕೆ ಒಂದು' ಇದರ ಅಂದಾಜು. ಉಳಿದ 42 ಲೀಟರ್ ಹಬೆಯಾಗಿ ಹೋಗಬೇಕು, ಅದಕ್ಕೇ ಅಗಲವಾದ ತಟ್ಟೆ ಬಾಣಲೆ ಮತ್ತು ಸೂರಿನ ಕಿಂಡಿ.

ಪಾಕ ಬಂತು ಅನ್ನೋ ಗುರುತು: ಆವತ್ತು ನೀರು ಕುದಿಯೋ ಉಷ್ಣಾಂಶಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಸಮುದ್ರಮಟ್ಟದಲ್ಲಿ ಅದು 104. ಆದ್ರೆ ಗಾಳಿಯ ಒತ್ತಡ ಬದಲಾದ ಹಾಗೆ ಕುದಿಯೋ ಬಿಂದುವೂ ಬದಲಾಗುತ್ತೆ, ಅದಕ್ಕೆ 104ನ್ನೇ ನಂಬಿ ಕೂರದೆ ಆ ದಿನ ಬರೀ ನೀರು ಕುದಿಸಿ ನೋಡಿಕೊಳ್ಳಬೇಕು. ಕಣ್ಣಳತೆಯವರು ಅಗಲ ಸೌಟು ಅದ್ದಿ ಎತ್ತುತ್ತಾರೆ. ಅಂಚಿನಿಂದ ಹನಿಹನಿಯಾಗಿ ಬಿದ್ರೆ ಇನ್ನೂ ಆಗಿಲ್ಲ, ಹನಿಗಳು ಕೂಡಿ ಹಾಳೆಯ ಹಾಗೆ ಜಾರಿದ್ರೆ ಆಯ್ತು. ಕೊನೆಗೆ ತೀರ್ಮಾನ ಹೈಡ್ರೋಮೀಟರ್‌ದು. ವರ್ಮಾಂಟಿನ ನಿಯಮದಲ್ಲಿ ಕನಿಷ್ಠ 66.9 ಬ್ರಿಕ್ಸ್, ಅಂದ್ರೆ ತೂಕದಲ್ಲಿ ಅಷ್ಟು ಶೇಕಡಾ ಸಕ್ಕರೆ. ಅದಕ್ಕಿಂತ ತೆಳುವಾದ್ರೆ ಹುಳಿಯುತ್ತೆ, ಬೂಸ್ಟು ಬರುತ್ತೆ. ತೀರಾ ಗಟ್ಟಿಯಾದ್ರೆ ಬಾಟಲಿ ತಳದಲ್ಲಿ ಸಕ್ಕರೆ ಹರಳುಗಟ್ಟುತ್ತೆ.

ಎಡವಟ್ಟಾಗೋದು ಮೂರು ಕಡೆ. ಬಾಣಲೆಯಲ್ಲಿ ರಸದ ಮಟ್ಟ ತೀರಾ ಇಳಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ತಳ ಹಿಡಿದು ಬಾಣಲೆಯೂ ಹಾಳು. ನೊರೆ ಉಕ್ಕಿದ್ರೆ ಒಂದು ಹನಿ ಬೆಣ್ಣೆ ಅಥವಾ ಎಣ್ಣೆ ಹಾಕಿದ್ರೆ ಕೂತುಕೊಳ್ಳುತ್ತೆ. ಕುದಿಯೋವಾಗ ರಸದಲ್ಲಿರೋ ಖನಿಜ ಮರಳಿನ ಹಾಗೆ ಗರಿಗರಿಯಾಗಿ ಬೇರೆಯಾಗುತ್ತೆ, ಅದನ್ನ ಬಿಸಿ ಇರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಬೇಕು, ಆರಿದ ಮೇಲೆ ಪಾಕ ಬಟ್ಟೆಯಿಂದ ಇಳಿಯಲ್ಲ. ಬಾಟಲಿಗೆ ತುಂಬೋದು ಕನಿಷ್ಠ 82 ಡಿಗ್ರಿ ಬಿಸಿಯಲ್ಲಿ. ಮೊಗ್ಗು ಊದಿಕೊಂಡ ಮೇಲೆ ಇಳಿದ ರಸದ ಪಾಕಕ್ಕೆ ಒಂಥರಾ ಕೆಟ್ಟ ವಾಸನೆ ಬರುತ್ತೆ, ಯಾವ ಸೋಸಾಟದಿಂದಲೂ ಅದು ಹೋಗಲ್ಲ. ಸುಗ್ಗಿ ಅಲ್ಲಿಗೆ ಮುಗೀತು ಅಂತ ಅರ್ಥ.

ಬಣ್ಣದ ಮೇಲೆ ನಾಲ್ಕು ದರ್ಜೆ: ಗೋಲ್ಡನ್, ಆ್ಯಂಬರ್, ಡಾರ್ಕ್, ವೆರಿ ಡಾರ್ಕ್. ಕಪ್ಪಾದದ್ದು ಕಳಪೆ ಅಂತ ಬರೀಬೇಡಿ. ದಿನ ಬಿಸಿಯಾದ ಹಾಗೆ ಸೂಕ್ಷ್ಮಾಣುಗಳು ರಸದ ಸುಕ್ರೋಸನ್ನ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೀತವೆ, ಅವು ಕುದಿದಾಗ ಬೇಗ ಕಂದಾಗ್ತವೆ. ರುಚಿ ಗಾಢ ಆಗುತ್ತೆ ಅಷ್ಟೇ.

ಲಾಂಛನದಲ್ಲಿ ಪೈನ್ ಯಾಕೆ ಅಂದ್ರೆ, ರಾಜ್ಯದ ಮುದ್ರೆಯಲ್ಲಿ ಪೈನ್ ಬಂದದ್ದು 1779ರಲ್ಲೇ. ಮೇಪಲ್ ರಾಜ್ಯದ ಮರ ಅಂತ ಕಾನೂನಾಗಿದ್ದು 1949ರಲ್ಲಿ. ಎರಡರ ನಡುವೆ 170 ವರ್ಷ ಇದೆ. ಒಂದನ್ನ ತೆಗೆದು ಇನ್ನೊಂದನ್ನ ಹಾಕಿಲ್ಲ.

ಉತ್ತರ 4: ಜೇಡಿಮಣ್ಣು

ಚೌಕದಲ್ಲಿ ಮೇಪಲ್ ಜೊತೆ ಇನ್ನೊಂದಕ್ಕೆ ಜಾಗವಿದ್ದರೆ ತಿಮಿಂಗಿಲ ಹಾಕಿ. ಸಮುದ್ರವೇ ಇಲ್ಲದ ರಾಜ್ಯದ ಪಳೆಯುಳಿಕೆ ತಿಮಿಂಗಿಲ ಎಂದರೆ ಯಾವ ಮಗುವೂ ನಿಂತು ಓದುತ್ತದೆ. 1849ರಲ್ಲಿ ರಟ್ಲೆಂಡ್ ಮತ್ತು ಬರ್ಲಿಂಗ್ಟನ್ ನಡುವೆ ರೈಲುದಾರಿ ಅಗೆಯುವಾಗ ಶಾರ್ಲಾಟ್ ಊರಿನ ಹತ್ತಿರ ನೆಲದಿಂದ ಸುಮಾರು 10 ಅಡಿ ಕೆಳಗೆ, ನೀಲಿ ಜೇಡಿಯಲ್ಲಿ ಮೂಳೆಗಳು ಸಿಕ್ಕವು. ನಿಸರ್ಗಶಾಸ್ತ್ರಜ್ಞ ಝೇಡಾಕ್ ಥಾಂಪ್ಸನ್ ಅವನ್ನು ಜೋಡಿಸಿದರು, ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ನೆರವಿನಿಂದ ಅದು ಬೆಲೂಗ ಎಂಬ ಬಿಳಿ ತಿಮಿಂಗಿಲದ ಜಾತಿಯದ್ದೆಂದು ಗೊತ್ತಾಯಿತು. ಅದು ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಎರಡು ಸಾಲಿನಲ್ಲಿ ಹೇಳಬಹುದು: ಹಿಮಯುಗದ ಹಿಮಗಡ್ಡೆಯ ಭಾರಕ್ಕೆ ನೆಲ ಕುಸಿದಿತ್ತು. ಹಿಮ ಹಿಂದೆ ಸರಿದಾಗ ಸೇಂಟ್ ಲಾರೆನ್ಸ್ ಕಣಿವೆಯ ಮೂಲಕ ಸಮುದ್ರ ಒಳನುಗ್ಗಿ ಷಾಂಪ್ಲೇನ್ ಸಮುದ್ರವಾಯಿತು, ಭಾರ ಇಳಿದ ನೆಲ ನಿಧಾನವಾಗಿ ಮೇಲೆದ್ದು ಸಮುದ್ರವನ್ನು ಹೊರದೂಡಿತು. ಇಂದಿನ ಷಾಂಪ್ಲೇನ್ ಸರೋವರ ಆ ಸಮುದ್ರ ಹರಡಿದ್ದ ಜಾಗದಲ್ಲೇ ಇರುವ ಸಿಹಿನೀರು. ಹೆಸರು ಬರೆಯುವಾಗ ಎಚ್ಚರ: 1993ರಲ್ಲಿ ಇದು ರಾಜ್ಯದ ಪಳೆಯುಳಿಕೆ ಆಯಿತು, ಮೌಂಟ್ ಹಾಲಿಯಲ್ಲಿ ಹಿಂದೆಯೇ ಸಿಕ್ಕಿದ್ದ, ಹಿಮಯುಗದ ಆನೆಯಂಥ ಪ್ರಾಣಿಯಾದ ಮ್ಯಾಮತ್‌ಗೂ 2014ರಲ್ಲಿ ಸ್ಥಾನ ಸಿಕ್ಕಿತು. ಆದ್ದರಿಂದ ಈಗ ತಿಮಿಂಗಿಲ 'ಸಾಗರ ಪಳೆಯುಳಿಕೆ', ಮ್ಯಾಮತ್ 'ನೆಲದ ಪಳೆಯುಳಿಕೆ'.

ಉಳಿದವು ಚಿಕ್ಕದಾಗಿ ಸಾಕು, ಪಕ್ಕದಲ್ಲಿರುವುದು ಅದು ರಾಜ್ಯದ ಚಿಹ್ನೆಯಾದ ವರ್ಷ. ಹೂ ಕೆಂಪು ಕ್ಲೋವರ್, 1894. ಅದು ಅಲ್ಲಿಯ ಮೂಲದ ಗಿಡವಲ್ಲ, ಯೂರೋಪಿನಿಂದ ದನಗಳ ಮೇವಿಗಾಗಿ ಬಂದದ್ದು. ಲಾಂಛನದಲ್ಲಿ ಹಸು ಇರುವ ರಾಜ್ಯಕ್ಕೆ ಒಪ್ಪುವ ಆಯ್ಕೆಯೇ. ಹಕ್ಕಿ ಹರ್ಮಿಟ್ ಥ್ರಷ್, 1941. ಚಳಿಗಾಲದಲ್ಲಿ ರಾಜ್ಯ ಬಿಟ್ಟುಹೋಗುವ ಹಕ್ಕಿ ಯಾಕೆ ಎಂಬ ತಕರಾರು ಆಗಲೇ ಇತ್ತು, 14 ಕೌಂಟಿಗಳಲ್ಲೂ ಅದರ ಹಾಡು ಕೇಳುತ್ತದೆ ಎಂಬ ವಾದ ಗೆದ್ದಿತು. ಪ್ರಾಣಿ ಮಾರ್ಗನ್ ಕುದುರೆ, 1961. ಈ ತಳಿಯ ಮೂಲ ಕುದುರೆಯ ಹೆಸರು ಫಿಗರ್, ಜಸ್ಟಿನ್ ಮಾರ್ಗನ್ ಎಂಬುದು ಒಡೆಯನ ಹೆಸರು. ಫಿಗರ್ 1789ರಲ್ಲಿ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. 'ವರ್ಮಾಂಟಿನಲ್ಲಿ ಹುಟ್ಟಿದ' ಎಂದು ಬರೆಯದೆ 'ವರ್ಮಾಂಟಿನಲ್ಲಿ ಬೆಳೆದ ತಳಿ' ಎನ್ನಿ.

ಉಚ್ಚಾರಣೆಯನ್ನೂ ಒಮ್ಮೆ ನೋಡಿಕೊಳ್ಳಿ, ಕನ್ನಡ ಲಿಪಿಯಲ್ಲಿ ಬರೆದ ಮೇಲೆ ಮಕ್ಕಳು ಹಾಗೇ ಕಲಿಯುತ್ತಾರೆ. ರಾಜಧಾನಿ ಮಾಂಟ್‌ಪೀಲಿಯರ್, ಫ್ರೆಂಚ್ ಊರಿನ ಹಾಗೆ ಮೋಂಪೆಲ್ಯೇ ಅಲ್ಲ. ಜನಸಂಖ್ಯೆ ಸುಮಾರು ಎಂಟು ಸಾವಿರ, ಅಮೆರಿಕದ ರಾಜ್ಯಗಳ ರಾಜಧಾನಿಗಳಲ್ಲೇ ಅತಿ ಚಿಕ್ಕದು. ಗ್ರಾನೈಟ್ ಗಣಿಯ ಊರು ಬ್ಯಾರಿ, ಬಾರ್ ಅಲ್ಲ. ಕ್ಯಾಲಸ್ ಎಂಬ ಊರನ್ನು ಕಲೇ ಎನ್ನಬೇಡಿ. ಮೇಲೆ ಹೇಳಿದ ಶಾರ್ಲಾಟ್‌ಗೆ ಒತ್ತು ಎರಡನೆಯ ಭಾಗದ ಮೇಲೆ, ನಾರ್ತ್ ಕ್ಯಾರೊಲೈನಾದ ಷಾರ್ಲಟ್ ನಗರದಂತಲ್ಲ.

ಭಿತ್ತಿಚಿತ್ರ

ಕೆಂಪೆಲೆ ಉದುರಿಸಿ ಹಿಮ ಹಾಕಿದೆ, ತಿಮಿಂಗಿಲಕ್ಕೆ ಜಾಗ ಸಿಕ್ಕಿತು. ಒಂದೇ ಅನುಮಾನ ಉಳಿದಿದೆ. ನಕ್ಷೆಯಲ್ಲಿ ಪೂರ್ವದ ಗಡಿ ಕನೆಕ್ಟಿಕಟ್ ನದಿ. ಗಡಿಗೆರೆಯನ್ನು ನದಿಯ ನಡುವೆ ಎಳೆಯುವುದೇ ತಾನೇ?

ಹಳೇನಾಣ್ಯ

ನಡುವೆ ಅಲ್ಲ. 1764ರ ಆ ದೊರೆಯ ಆದೇಶ ಪಶ್ಚಿಮ ದಡ ಎಂದಿತ್ತಲ್ಲ, ಅದರ ಗುರುತು ಇಂದಿಗೂ ಉಳಿದಿದೆ. ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಶೈರ್ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1933ರಲ್ಲಿ ತೀರ್ಮಾನವಾಯಿತು: ಪಶ್ಚಿಮ ದಡದಲ್ಲಿ ನೀರು ಕಡಿಮೆ ಇರುವಾಗ ಎಲ್ಲಿಗೆ ನಿಲ್ಲುತ್ತದೋ ಅದೇ ಗಡಿ. ನದಿ ನ್ಯೂ ಹ್ಯಾಂಪ್‌ಶೈರ್‌ದು. ನೀಲಿ ಗೆರೆಯ ಎಡ ಅಂಚಿಗೆ ತಾಗಿದಂತೆ ಗಡಿ ಎಳೆಯಿರಿ. ಪಶ್ಚಿಮದಲ್ಲಿ ಷಾಂಪ್ಲೇನ್ ಸರೋವರದ ವಿಷಯ ಬೇರೆ, ಅಲ್ಲಿ ಗೆರೆ ನೀರಿನ ನಡುವೆಯೇ ಹಾಯುತ್ತದೆ, ಹೆಚ್ಚಿನ ದ್ವೀಪಗಳು ವರ್ಮಾಂಟ್ ಪಾಲಿಗೆ ಬರುವಂತೆ.